ಇಳಿವಯಸ್ಸಿನಲ್ಲಿ ಮನೆಗೆ ಬಂದ ಮರ

‘ಸಂಪ್ರದಾಯ’ ಎಂಬ ಪದವನ್ನು ತರಗತಿಯಲ್ಲಿ ಬಿಡಿಸುವಾಗ ನಾವು ‘ದಾ’ ಎಂಬ ಧಾತುವಿನವರೆಗೆ ಹೋಗಿ ನಿಲ್ಲುತ್ತೇವೆ. ಕೊಡುವುದು, ಒಪ್ಪಿಸುವುದು. ಹಿರಿಯರು ಒಪ್ಪಿಸಿದ್ದು, ಕಿರಿಯರು ಪಡೆದದ್ದು. ವ್ಯುತ್ಪತ್ತಿ ಸರಿಯೇ. ಆದರೆ ಅದರ ಬೆನ್ನೇರಿ ವಿದ್ಯಾರ್ಥಿಗಳೂ, ಕೆಲವೊಮ್ಮೆ ನಾವು ಅಧ್ಯಾಪಕರೂ, ಒಂದು ಅವಸರದ ತೀರ್ಮಾನಕ್ಕೆ ಬಂದುಬಿಡುತ್ತೇವೆ: ಯಾರೂ ಕೊಡದೆ ತಾನಾಗಿ ಎತ್ತಿಕೊಂಡದ್ದು ಸಂಪ್ರದಾಯವಲ್ಲ, ಬರಿಯ ಅನುಕರಣೆ. ಕಳೆದ ಡಿಸೆಂಬರಿನಲ್ಲಿ ನಮ್ಮ ವಿಭಾಗದ ಚರ್ಚೆಯೊಂದರಲ್ಲಿ ಕ್ರಿಸ್‌ಮಸ್ ಮರದ ವಿಷಯವಾಗಿ ಇದೇ ಮಾತು ಬಂತು. ಅದು ನಮ್ಮದೂ ಅಲ್ಲ, ಇಲ್ಲಿಯ ಕ್ರೈಸ್ತರದೂ ಅಲ್ಲ, ಅಂಗಡಿಯವರದು ಎಂದು ಒಬ್ಬರು ಹೇಳಿದರು, ಎಲ್ಲರೂ ನಕ್ಕರು. ಗಂಟೆ ಬಾರಿಸಿದ್ದರಿಂದ ಅಂದು ಹೇಳಲಾಗದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸೀಮೆಯನ್ನು ನೋಡೋಣ. 1965ರವರೆಗೆ ಧರ್ಮಪುರಿ ಸೇಲಂ ಜಿಲ್ಲೆಯೊಳಗಿತ್ತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಗಡಿಗೆರೆಗಳು ಹೀಗೆ ಸರಿದಾಡಿದರೂ ಮನೆಮಾತುಗಳು ಇದ್ದಲ್ಲಿಯೇ ಉಳಿದವು. ನೊಳಂಬರ ಕನ್ನಡ ಶಾಸನಗಳು ಧರ್ಮಪುರಿಯಲ್ಲಿ ದೊರೆತಿವೆ. ಸೇಲಂನ ದೇವಾಂಗರ ಮಗ್ಗದ ಮನೆಗಳಲ್ಲಿ ಇಂದಿಗೂ ಕನ್ನಡ ಕೇಳಿಸುತ್ತದೆ. ಬೀದಿಗೆ ಬಂದೊಡನೆ ಅದು ತಮಿಳಾಗುತ್ತದೆ. ಇಂಥ ಕನ್ನಡಕ್ಕೆ ಕಿವಿಯುಂಟು, ನಾಲಗೆಯುಂಟು, ಅನೇಕ ವೇಳೆ ಅಕ್ಷರವಿಲ್ಲ.

ಸೇಲಂನಲ್ಲಿ ನನಗೆ ಪರಿಚಿತರಾದ ಒಬ್ಬ ನಿವೃತ್ತ ದಾದಿಯಿದ್ದಾರೆ. ತವರು ಹೊಸೂರಿನ ಕಡೆ. ಮನೆಮಾತು ಕನ್ನಡ, ಓದಿದ್ದು ತಮಿಳಿನಲ್ಲಿ, ಹುಟ್ಟಿನಿಂದ ಕ್ರೈಸ್ತರು. ಅವರ ಬಾಲ್ಯದ ಮನೆಯಲ್ಲಿ ಕ್ರಿಸ್‌ಮಸ್ ಎಂದರೆ ಬಿದಿರ ಕಡ್ಡಿಗೆ ಕಾಗದ ಅಂಟಿಸಿದ ನಕ್ಷತ್ರ, ಹುಲ್ಲು ಹೊದಿಸಿದ ಗೋದಲಿ, ಕಜ್ಜಾಯ. ಮರ ಎಂದೂ ಇರಲಿಲ್ಲ. ಗಂಡ ತೀರಿಕೊಂಡು, ಮಕ್ಕಳು ದೂರದ ಊರುಗಳಲ್ಲಿ ನೆಲೆನಿಂತ ಮೇಲೆ, ಅರವತ್ತು ದಾಟಿದ ಈ ತಾಯಿ ಮೊದಲ ಬಾರಿಗೆ ಒಂದು ಸರ್ವೆ ಕೊಂಬೆಯನ್ನು ತಂದು ಮರಳು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿದರು. “ಒಬ್ಬಳೇ ಇರುವಾಗ ಇದೆಲ್ಲ ಏಕಮ್ಮಾ?” ಎಂದು ಮಕ್ಕಳು ಫೋನಿನಲ್ಲಿ ಕೇಳಿದರಂತೆ. ಒಬ್ಬಳೇ ಇರುವುದರಿಂದಲೇ ಎಂದು ಇವರ ಉತ್ತರ.

ಸರ್ವೆಯ ವಿಷಯ ಒಂದು ಮಾತು. ತಮಿಳಿನ ಸವುಕ್ಕು, ಕೆಲವೆಡೆ ನಮ್ಮ ಗಾಳಿಮರ. ದಕ್ಷಿಣ ಭಾರತದಲ್ಲಿ ಬಹು ಮನೆಗಳ ಕ್ರಿಸ್‌ಮಸ್ ಮರ ಇದೇ. ನೋಟಕ್ಕೆ ಪೈನ್ ಜಾತಿಯಂತಿದ್ದರೂ ಆ ಕುಲಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಹೂಬಿಡುವ ಸಸ್ಯ. ಸೂಜಿಯಂತೆ ಕಾಣುವುದು ಎಲೆಯೇ ಅಲ್ಲ, ಗಿಣ್ಣುಗಿಣ್ಣಾದ ಎಳೆ ರೆಂಬೆ. ನಿಜವಾದ ಎಲೆಗಳು ಆ ಗಿಣ್ಣುಗಳಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಹುರುಪೆಗಳಾಗಿ ಅಡಗಿವೆ. ಹಿಮದ ನಾಡಿನ ಮರದ ಪಾತ್ರವನ್ನು ಬಿಸಿಲ ನಾಡಿನ ಮರವೊಂದು ವಹಿಸುತ್ತಿದೆ. ‘ಇಂಗ್ಲಿಷ್ ಗೀತಗಳು’ ಓದಿರುವ ನಿಮಗೆ ಈ ಬಗೆಯ ವೇಷಾಂತರ ಹೊಸದಲ್ಲ. ಬಿ.ಎಂ.ಶ್ರೀ. ಅವರು ಮಾಡಿದರೆ ನವೋದಯ, ಮುದುಕಿಯೊಬ್ಬಳು ಮಾಡಿದರೆ ಅನುಕರಣೆ ಎಂದರೆ ಹೇಗೆ?

ಇನ್ನು ‘ಮೂಲ’ದ ಪ್ರಶ್ನೆ. ಆ ಮರವಾದರೂ ಯೂರೋಪಿನಲ್ಲಿ ಎಲ್ಲರಿಗೂ ಪಿತ್ರಾರ್ಜಿತವಾಗಿತ್ತೆ? ಜರ್ಮನಿಯಲ್ಲಿ ಬೇರೂರಿದ ಪದ್ಧತಿ ಅದು. 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬವು ಮರದ ಸುತ್ತ ನಿಂತ ಚಿತ್ರವೊಂದು ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಸಾಮಾನ್ಯ ಇಂಗ್ಲಿಷ್ ಮನೆಗಳಲ್ಲಿ ಅದು ಹಬ್ಬಿತು. ಗೋದಲಿಯದು ಬೇರೆ ಕಥೆ. ಅದರ ಪರಂಪರೆಯನ್ನು ಸಂತ ಫ್ರಾನ್ಸಿಸರು 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಏರ್ಪಡಿಸಿದ ದೃಶ್ಯದಿಂದ ಎಣಿಸುತ್ತಾರೆ. ಪ್ರಾಟೆಸ್ಟಂಟರ ಮರವನ್ನು ಕ್ಯಾಥೊಲಿಕರು ಬಹುಕಾಲ ದೂರವಿಟ್ಟಿದ್ದರು. ವ್ಯಾಟಿಕನ್ನಿನ ಸಂತ ಪೇತ್ರರ ಚೌಕದಲ್ಲಿ ಮೊತ್ತಮೊದಲು ಕ್ರಿಸ್‌ಮಸ್ ಮರ ನಿಂತದ್ದು 1982ರಲ್ಲಿ. ಅದನ್ನು ನಿಲ್ಲಿಸಿದ ಎರಡನೆಯ ಜಾನ್ ಪಾಲ್ ಅವರಿಗೆ ಆಗ 62 ವರ್ಷ; ನಮ್ಮ ಸೇಲಂನ ದಾದಿಯ ವಯಸ್ಸಿಗೆ ಹೆಚ್ಚು ದೂರವಲ್ಲ. ಅಂತೂ ಪ್ರತಿಯೊಂದು ಪದ್ಧತಿಗೂ ಯಾರಿಂದಲೂ ಪಡೆಯದೆ ಮೊದಲಿಟ್ಟವನೊಬ್ಬನು ಎಲ್ಲಿಯೋ ಇದ್ದೇ ಇರುತ್ತಾನೆ.

ಆ ಮರಕ್ಕೆ ಅವರು ಕಟ್ಟುವುದೇನು ಎಂಬುದನ್ನು ನೋಡಿದಾಗ ಅಂಗಡಿಯ ಮಾತು ಇನ್ನೂ ಸಡಿಲವಾಗುತ್ತದೆ. ಕೊಂಡು ತಂದದ್ದು ಒಂದು ಸರ ವಿದ್ಯುದ್ದೀಪ ಮಾತ್ರ. ಉಳಿದದ್ದು, ಮಗಳು ಚಿಕ್ಕವಳಿದ್ದಾಗಿನ ಕೊಂಡಿ ಮುರಿದ ಸೇಲಂ ಬೆಳ್ಳಿಯ ಕಾಲ್ಗೆಜ್ಜೆ, ನೆರೆಯ ದೇವಾಂಗರ ಮನೆಯವರು ಕೊಟ್ಟ ಬಣ್ಣದ ನೂಲಿನ ಕಂಡಿಕೆಗಳು, ತವರಿನಿಂದ ಬಂದ ನಾಲ್ಕು ರಾಗಿ ತೆನೆ. ಇವುಗಳ ನಡುವೆ ಕಾಗದದ ನಕ್ಷತ್ರಗಳು. ಒಂದೊಂದರ ಮೇಲೆ ಒಂದೊಂದು ಪದ: ಒರಳು, ಮೊರ, ಕಣಜ, ಅಟ್ಟ, ಹೊಸ್ತಿಲು, ಗಾಳಿ. ಅಜ್ಜಿ ಆಡುತ್ತಿದ್ದ, ಈಗ ಆಡಲು ಮನೆಯಲ್ಲಿ ಎದುರಿಗೆ ಮತ್ತೊಂದು ಜೀವವಿಲ್ಲದ ಪದಗಳು. ಮೊದಲ ವರ್ಷ ಇವನ್ನು ತಮಿಳು ಲಿಪಿಯಲ್ಲಿ ಬರೆದಿದ್ದರು. ಅಲ್ಲೊಂದು ತೊಡಕು ಎದುರಾಯಿತು. ಕಕಾರಕ್ಕೂ ಗಕಾರಕ್ಕೂ ತಮಿಳಿನಲ್ಲಿ ಒಂದೇ ಅಕ್ಷರ. ನೋಡಲು ಬಂದವರು ‘ಗಾಳಿ’ಯನ್ನು ‘ಕಾಳಿ’ ಎಂದು ಓದಿ, ಯೇಸುವಿನ ಮರದಲ್ಲಿ ಕಾಳಿ ಏಕೆ ಎಂದು ಕೇಳಿದರು! ಆ ನಗೆಯ ಮರುವಾರವೇ ಇವರು ನನ್ನಲ್ಲಿ ಕನ್ನಡದ ಕಾಗುಣಿತ ಕೇಳಿದರು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಷ್ಟು ಶ್ರದ್ಧೆಯ ವಿದ್ಯಾರ್ಥಿಗಳು ಹೆಚ್ಚು ದೊರೆತಿಲ್ಲ. ಒತ್ತಕ್ಷರ ಕಲಿಯಲು ಅವರು ತೆಗೆದುಕೊಂಡದ್ದು ಎರಡು ತಿಂಗಳು. ‘ಹೊಸ್ತಿಲು’ ಬರೆದ ದಿನ ಕಾಫಿಯೊಂದಿಗೆ ಮುರುಕ್ಕೂ ಬಂತು.

ನಾನು ಓದಿದ್ದು ಮರಾಠಿಯೂ ಕನ್ನಡವೂ ಒಂದೇ ಹಲಗೆಯ ಮೇಲೆ ಬರೆಯಲ್ಪಡುತ್ತಿದ್ದ ಬೆಳಗಾವಿ ಸೀಮೆಯ ಶಾಲೆಯಲ್ಲಿ. ದೀಪಾವಳಿಗೆ ಓಣಿಯ ಹುಡುಗರು ಮಣ್ಣಿನ ‘ಕಿಲ್ಲಾ’ ಕಟ್ಟುತ್ತಿದ್ದರು: ಕೆಸರಿನ ಬುರುಜು, ಸಾಸಿವೆ ಮೊಳಕೆಯ ಕಾಡು, ತುದಿಯಲ್ಲಿ ಶಿವಾಜಿ. ನಮ್ಮ ಮನೆಯಲ್ಲಿ ಆ ರೂಢಿಯಿರಲಿಲ್ಲ. ನಾನು ಬದಿಯಲ್ಲಿ ನಿಂತು ನೀರು ಹೊತ್ತುಕೊಡುತ್ತಿದ್ದೆ. ಐವತ್ತೆರಡನೆಯ ವಯಸ್ಸಿನಲ್ಲಿ ಈ ತಮಿಳು ನೆಲದ ಅಂಗಳದಲ್ಲಿ ಮೊದಲ ಕಿಲ್ಲಾ ಕಟ್ಟಿದೆ. ಮಂಡಿನೋವಿನ ದೆಸೆಯಿಂದ ಬುರುಜುಗಳು ವರ್ಷದಿಂದ ವರ್ಷಕ್ಕೆ ಕುಳ್ಳಾಗುತ್ತಿವೆ. ಬೀದಿಯ ಮಕ್ಕಳು ಅದನ್ನು ಸೆಂಜಿ ಕೋಟೆ ಎಂದುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಐಚ್ಛಿಕ ಕನ್ನಡ ಓದುವ ನಿಮಗೆ ಇದರಲ್ಲಿ ನೇರ ಸಂಬಂಧವಿದೆ. ಪಿತ್ರಾರ್ಜಿತವಾದುದೇ ನಿಜ ಎಂಬ ಅಳತೆಗೋಲನ್ನು ಹಬ್ಬಕ್ಕೆ ಹಿಡಿದವರು ನಾಳೆ ಭಾಷೆಗೂ ಹಿಡಿಯುತ್ತಾರೆ. ಬೇಂದ್ರೆಯವರ ಮನೆಮಾತು ಮರಾಠಿ. ನಿಮ್ಮಲ್ಲಿ ತೆಲುಗು, ತಮಿಳು, ಉರ್ದು ಮನೆಗಳಿಂದ ಬಂದವರಿದ್ದೀರಿ. ಕನ್ನಡದ ಮನೆಯಿಂದ ಬಂದರೂ ಅಕ್ಷರವನ್ನು ಪದವಿ ತರಗತಿಯಲ್ಲಿಯೇ ಮೊದಲು ಕಂಡವರಿದ್ದೀರಿ. ನಿಮ್ಮ ಕನ್ನಡ ಅನುಕರಣೆಯೆ? ಐಚ್ಛಿಕ ಎಂಬ ಪದದಲ್ಲಿ ಇಚ್ಛೆಯಿದೆ; ಅರ್ಜಿ ನಮೂನೆಯಲ್ಲಿ ದಿನವೂ ಕಾಣುವುದರಿಂದ ಅದನ್ನು ಮರೆತಿರುತ್ತೇವೆ. ಅಂಗಡಿಯ ಥರ್ಮೋಕೋಲ್ ಹಿಮವನ್ನು ನಾನು ಸಮರ್ಥಿಸುತ್ತಿಲ್ಲ, ಅದು ಚರಂಡಿಗೆ ಕೆಟ್ಟದ್ದು. ಆದರೆ ಆರಿಸಿಕೊಂಡದ್ದನ್ನು ಪಡೆದದ್ದಕ್ಕಿಂತ ಕೀಳೆನ್ನುವ ವಾದಕ್ಕೆ ಆಧಾರವನ್ನು ನಾನು ಕಾಣೆ.

ಇವರ ನಂತರ ಆ ಮರವನ್ನು ಯಾರು ನಿಲ್ಲಿಸುತ್ತಾರೆ ಎಂದು ಚರ್ಚೆಯ ನಂತರ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಪ್ರಶ್ನೆಯನ್ನು ಅವರಿಗೇ ಮುಟ್ಟಿಸಿದೆ. ಜನವರಿ 6ರ ಹಬ್ಬ ಕಳೆದ ಮೇಲೆ ನಕ್ಷತ್ರಗಳನ್ನು ಬಿಡಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಾರಂತೆ. ಸರ್ವೆ ಒಳ್ಳೆಯ ಸೌದೆಯಾದ್ದರಿಂದ ಕೊಂಬೆಯನ್ನು ಕತ್ತರಿಸಿ, ಭೋಗಿಯ ಬೆಳಗಿನ ನೀರೊಲೆಗೆ ಪಕ್ಕದ ಮನೆಯವರಿಗೆ ಕೊಟ್ಟುಬಿಡುತ್ತಾರಂತೆ. ಈ ಸಲ ಡಬ್ಬಿಗೆ ಹೊಸದಾಗಿ ಹನ್ನೊಂದು ಪದಗಳು ಸೇರಿವೆ.