ಒಂದು ದಿನದ ವಿಜಯಪುರ: ನೋಟವೂ ಚಿತ್ರವೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಇವೆರಡೂ ಒಂದಕ್ಕೊಂದು ಪೂರಕವಾಗಿ ನಡೆದಾಗಲೇ ಅರಿವು ಪೂರ್ಣಗೊಳ್ಳುವುದೆಂಬ ಭಾವನೆ ಆ ಮಾತಿನ ಹಿಂದಿದೆ. ವಿದ್ಯಾಸಂಸ್ಥೆಗಳು ವರ್ಷಕ್ಕೊಮ್ಮೆ ಶೈಕ್ಷಣಿಕ ಪ್ರವಾಸವನ್ನು ಏರ್ಪಡಿಸುವುದು ಈ ಉದ್ದೇಶದಿಂದಲೇ. ಪ್ರವಾಸ ಮುಗಿದ ಮೇಲೆ ಅದರ ನೆನಪಿಗಾಗಿ ಉಳಿಯುವುವು ಬಹುಮಟ್ಟಿಗೆ ಛಾಯಾಚಿತ್ರಗಳು. ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗುವ ಇಂತಹ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಸ್ಥಳ ಯಾವುದೇ ಇರಲಿ, ವರ್ಷ ಯಾವುದೇ ಇರಲಿ, ಅಧ್ಯಾಪಕರು ನಡುವೆ, ಮಕ್ಕಳು ಇಕ್ಕೆಲಗಳಲ್ಲಿ. ಎಲ್ಲರ ಮುಖ ಕ್ಯಾಮೆರಾದ ಕಡೆಗೆ. ನೋಡಲೆಂದು ಬಂದ ಸ್ಮಾರಕದ ಕಡೆಗೆ ಎಲ್ಲರ ಬೆನ್ನು.

ಇದು ಕೇವಲ ಚಿತ್ರ ತೆಗೆಯುವ ರೂಢಿಯ ಮಾತಲ್ಲ. ಇಂದಿನ ಪ್ರವಾಸದ ಸ್ವರೂಪವೇ ಹಾಗಾಗಿದೆ. ಇದನ್ನು ಪರಿಶೀಲಿಸಲು 2014ರ ನವೆಂಬರ್ 1ರವರೆಗೆ ಅಧಿಕೃತವಾಗಿ ಬಿಜಾಪುರವೆಂದು ಕರೆಯಲ್ಪಡುತ್ತಿದ್ದ ವಿಜಯಪುರ ನಗರಕ್ಕಿಂತ ಉತ್ತಮವಾದ ಉದಾಹರಣೆ ಸಿಗಲಾರದು. ಕರ್ನಾಟಕದ ಶಾಲಾ ಪ್ರವಾಸಗಳ ಪಟ್ಟಿಯಲ್ಲಿ ಆ ಊರಿನ ಹೆಸರು ಬಾರದಿರುವುದು ಅಪರೂಪ.

ಒಂದು ದಿನದ ಪ್ರವಾಸಿಯ ಚಿತ್ರಸಂಪುಟ ಹೇಗಿರುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಬೆಳಿಗ್ಗೆ ಗೋಳಗುಮ್ಮಟದ ಮುಂದಿನ ಹುಲ್ಲುಹಾಸಿನಲ್ಲಿ ಒಂದು ಚಿತ್ರ. ಮೂಲೆಯ ಗೋಪುರದ ಮೆಟ್ಟಿಲುಗಳನ್ನು ಏದುಸಿರಿನಿಂದ ಏರಿ ಪಿಸುಗುಟ್ಟುವ ಮೊಗಸಾಲೆಯಲ್ಲಿ ಹತ್ತಾರು. ಬಳಿಕ ಮಲಿಕ್-ಎ-ಮೈದಾನ್ ತೋಪಿನ ಪಕ್ಕದಲ್ಲಿ, ಉಪ್ಪಲಿ ಬುರುಜಿನ ನೆತ್ತಿಯಲ್ಲಿ, ಬಾರಾ ಕಮಾನಿನ ಕೆಳಗೆ. ಬಿಸಿಲು ಇಳಿಯುವ ಹೊತ್ತಿಗೆ ಇಬ್ರಾಹಿಂ ರೋಜಾದ ಮುಂದೆ. ಸಂಜೆ ವಾಹನ ಹೊರಡುತ್ತದೆ. ಅನಿಸಿಕೆ ಕೇಳಿದರೆ ದೊರೆಯುವ ಉತ್ತರವೂ ನಿಶ್ಚಿತ: ಗುಮ್ಮಟ ಬಹಳ ದೊಡ್ಡದು, ತೋಪು ಬಹಳ ಭಾರ, ಬಿಸಿಲು ಬಹಳ ಹೆಚ್ಚು.

ಈ ಮೂರೂ ಮಾತುಗಳು ಸತ್ಯವೇ. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ತೋಪಿನ ತೂಕ ಸುಮಾರು 55 ಟನ್. ಆದರೆ ದೊಡ್ಡದು ಎಂದು ತಿಳಿಯಲು ಪಠ್ಯಪುಸ್ತಕವೇ ಸಾಕಿತ್ತು, ಅಲ್ಲಿಗೆ ಹೋಗಬೇಕಾಗಿರಲಿಲ್ಲ. ಹೋದವನು ಕೇಳಬೇಕಾದ ಪ್ರಶ್ನೆ ಬೇರೆಯದು: ನಡುವೆ ಒಂದು ಕಂಬವೂ ಇಲ್ಲದೆ ಇಷ್ಟು ದೊಡ್ಡ ಗುಮ್ಮಟ ನಿಂತಿರುವುದಾದರೂ ಹೇಗೆ? ಉತ್ತರ ಅಲ್ಲಿಯೇ, ತಲೆಯೆತ್ತಿ ನೋಡಿದರೆ ಕಾಣುತ್ತದೆ. ನಾಲ್ಕು ಗೋಡೆಗಳ ಚೌಕದಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಛೇದಿಸುತ್ತ ಮೇಲೇರಿ, ಚೌಕವನ್ನು ವೃತ್ತವನ್ನಾಗಿ ಮಾರ್ಪಡಿಸುತ್ತವೆ. ಆ ವೃತ್ತದ ಮೇಲೆ ಗುಮ್ಮಟ ಕುಳಿತಿದೆ. ಗುಮ್ಮಟ ಹೊರಕ್ಕೆ ತಳ್ಳುವ ಒತ್ತಡವನ್ನು ಒಳಕ್ಕೆ ಚಾಚಿದ ಕಮಾನುಗಳ ಭಾರ ಸರಿದೂಗಿಸುತ್ತದೆ. ರೇಖಾಗಣಿತದ ಇಷ್ಟು ಸುಂದರವಾದ ಪಾಠ ಯಾವ ಕರಿಹಲಗೆಯ ಮೇಲೂ ಇಲ್ಲ. ಮಕ್ಕಳು ಹತ್ತು ನಿಮಿಷ ನೆಲದ ಮೇಲೆ ಕುಳಿತು ಮೇಲೆ ನೋಡಿದರೆ ಸಾಕು. ಆದರೆ ಆ ಹತ್ತು ನಿಮಿಷಗಳು ದಿನಚರಿಯಲ್ಲಿ ಇರುವುದಿಲ್ಲ.

ಮೊಗಸಾಲೆಯ ಕಥೆ ಇನ್ನೂ ವಿಚಿತ್ರವಾದುದು. ಒಂದು ಬದಿಯಲ್ಲಿ ಆಡಿದ ಪಿಸುಮಾತು ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವನಿಗೆ ಸ್ಪಷ್ಟವಾಗಿ ಕೇಳಿಸುವುದೇ ಆ ಸ್ಥಳದ ಹೆಗ್ಗಳಿಕೆ. ಆದರೆ ಅಲ್ಲಿಗೆ ಬಂದವರೆಲ್ಲ ಪ್ರತಿಧ್ವನಿಗಾಗಿ ಕೂಗುತ್ತಾರೆ, ಸಿಳ್ಳೆ ಹಾಕುತ್ತಾರೆ. ಎಲ್ಲರೂ ಕೂಗುವಲ್ಲಿ ಪಿಸುಮಾತು ಯಾರಿಗೂ ಕೇಳಿಸದು. ನಿಶ್ಶಬ್ದವನ್ನು ಕೇಳಲೆಂದು ಕಟ್ಟಿದಂತಿರುವ ಎಡೆಯಿಂದ ಮಕ್ಕಳು ಕಿವಿ ಮುಚ್ಚಿಕೊಂಡು ಇಳಿದು ಬರುತ್ತಾರೆ. ಅದು 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್‌ಶಾಹನ ಸಮಾಧಿ ಎಂಬುದು ಆ ಗದ್ದಲದಲ್ಲಿ ಮರೆತೇಹೋಗಿರುತ್ತದೆ.

ಬಾರಾ ಕಮಾನನ್ನೂ ಹೀಗೆಯೇ ನೋಡಬಹುದು. ಚಿತ್ರದಲ್ಲಿ ಅದು ಆಕಾಶಕ್ಕೆ ತೆರೆದ ಕಪ್ಪುಕಲ್ಲಿನ ಕಮಾನುಗಳ ಸುಂದರ ಸಾಲು, ಅಷ್ಟೆ. ಅದು ಪಾಳುಬಿದ್ದ ಕಟ್ಟಡವಲ್ಲ, ಪೂರ್ಣಗೊಳ್ಳದೆ ನಿಂತುಹೋದ ಕಟ್ಟಡ ಎಂಬುದನ್ನು ಚಿತ್ರ ಹೇಳಲಾರದು. ಅದು 1672ರಲ್ಲಿ ತೀರಿಕೊಂಡ ಎರಡನೆಯ ಅಲಿ ಆದಿಲ್‌ಶಾಹನ ಸಮಾಧಿ. ಮುಂದೆ ಹದಿನಾಲ್ಕೇ ವರ್ಷಗಳಲ್ಲಿ, 1686ರಲ್ಲಿ, ನಗರ ಔರಂಗಜೇಬನ ವಶವಾಯಿತು. ಒಂದು ರಾಜ್ಯದ ಅಳಿವನ್ನು ಹೇಳಲು ಅರ್ಧಕ್ಕೆ ನಿಂತ ಆ ಕಮಾನುಗಳಿಗಿಂತ ಸ್ಪಷ್ಟವಾದ ಪುಟ ಇತಿಹಾಸದ ಪುಸ್ತಕದಲ್ಲಿ ಸಿಗದು. ಓದಿಸುವವರಿದ್ದರೆ ಮಾತ್ರ ಅದು ಪುಟ. ಇಲ್ಲದಿದ್ದರೆ ಚಿತ್ರಕ್ಕೊಂದು ಹಿನ್ನೆಲೆ.

ಇಷ್ಟಾದರೂ ಈ ಸ್ಮಾರಕಗಳು ಸಂಪುಟದಲ್ಲಿ ಇರುತ್ತವೆ. ಇಂದಲ್ಲ ನಾಳೆ ಯಾರಾದರೂ ಅವುಗಳ ಕಥೆಯನ್ನು ಕೇಳಿಯಾರು. ಸಂಪುಟದಲ್ಲಿ ಇಲ್ಲವೇ ಇಲ್ಲದ ಸಂಗತಿಯೊಂದಿದೆ. ಅದು ನೀರು.

ದೊಡ್ಡ ನದಿಯೊಂದೂ ಪಕ್ಕದಲ್ಲಿ ಹರಿಯದ ಬಯಲಿನಲ್ಲಿ ರಾಜಧಾನಿಯೊಂದು ಸುಮಾರು ಎರಡು ಶತಮಾನಗಳ ಕಾಲ ಬಾಳಿದ್ದು ಗುಮ್ಮಟಗಳ ಬಲದಿಂದಲ್ಲ. ಪಶ್ಚಿಮಕ್ಕೆ ಕೆಲವೇ ಮೈಲಿ ದೂರದ ತೊರವಿಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ನಗರಕ್ಕೆ ಬರುತ್ತಿತ್ತು. ಈ ತೊರವಿ ಕನ್ನಡಿಗರಿಗೆ ಅಪರಿಚಿತವಲ್ಲ. ಕುಮಾರ ವಾಲ್ಮೀಕಿ ಎಂಬ ಹೆಸರಿನಿಂದ ಖ್ಯಾತನಾದ ನರಹರಿಯ ರಾಮಾಯಣಕ್ಕೆ ಹೆಸರು ಕೊಟ್ಟ ತೊರವೆಯೇ ಅದು. ಕನ್ನಡಕ್ಕೆ ಕಾವ್ಯವನ್ನೂ ರಾಜಧಾನಿಗೆ ನೀರನ್ನೂ ಒಂದೇ ಹಳ್ಳಿ ಎರೆದಿದೆ. ನಗರದ ದಕ್ಷಿಣಕ್ಕೆ 1651ರಲ್ಲಿ ನಿರ್ಮಿತವಾದ ಬೇಗಂ ತಲಾಬ್‌ನಿಂದಲೂ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯುತ್ತಿತ್ತು. ಆ ಕೊಳವೆಗಳ ಹಾದಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಚೌಕಾಕಾರದ ಗೋಪುರಗಳನ್ನು ಕಟ್ಟಿದ್ದರು. ಕೊಳವೆಯೊಳಗಿನ ನೀರಿನ ಒತ್ತಡವನ್ನು ತಗ್ಗಿಸಿ ಅದು ಒಡೆಯದಂತೆ ಕಾಯುವುದು, ಹೂಳು ತಳಕ್ಕೆ ಇಳಿಯಲು ಎಡೆಮಾಡುವುದು ಇವುಗಳ ಕೆಲಸ. ಕೆಲವು ಗೋಪುರಗಳು ಇಂದಿಗೂ ನಿಂತಿವೆ. ಪ್ರವಾಸಿಯ ವಾಹನ ಅವುಗಳನ್ನು ದಾಟಿಹೋಗುತ್ತದೆ. ಅವು ಏನೆಂದು ಕೇಳುವವರಿಲ್ಲ.

ಕೋಟೆಯೊಳಗಿನ ಬಾವಡಿಗಳ ಮಾತಂತೂ ಬೇರೆಯೇ. 1620ರಲ್ಲಿ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಮಲಿಕ್ ಸಂದಲ್ ಎಂಬವನು ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿಸಿದ ತಾಜ್ ಬಾವಡಿಯ ಒಂದೊಂದು ಬದಿಯೂ ಇನ್ನೂರು ಅಡಿಗಳಿಗಿಂತ ಹೆಚ್ಚು. ವಿಶಾಲವಾದ ಕಮಾನಿನ ಅಡಿಯಿಂದ ಮೆಟ್ಟಿಲುಗಳು ನೀರಿಗೆ ಇಳಿಯುತ್ತವೆ. ಇದೇ ಮಲಿಕ್ ಸಂದಲ್ ಇಬ್ರಾಹಿಂ ರೋಜಾದ ನಿರ್ಮಾಣಕ್ಕೂ ಹೊಣೆಗಾರನೆಂದು ಪ್ರಸಿದ್ಧಿ. ಇಬ್ಬರು ದೊರೆಮಕ್ಕಳ ಹೆಸರನ್ನು ಉಳಿಸಲು ಒಂದೇ ಕೈ ದುಡಿದಿದೆ. ಆದರೆ ರೋಜಾಕ್ಕೆ ಪ್ರವಾಸಿಗಳ ಸಾಲು, ಬಾವಡಿಗೆ ಬಹುಕಾಲ ಕಸ ಮತ್ತು ಹೂಳು. ಇತ್ತೀಚಿನ ವರ್ಷಗಳಲ್ಲಿ ನಗರದ ಹಲವು ಬಾವಡಿಗಳ ಹೂಳೆತ್ತುವ ಕಾರ್ಯ ನಡೆದುದು ಸಮಾಧಾನದ ಸಂಗತಿ. ದಖನ್ ಪ್ರಸ್ಥಭೂಮಿಯ ಪ್ರಾಚೀನ ಜಲವ್ಯವಸ್ಥೆಗಳನ್ನು ವಿಶ್ವ ಸ್ಮಾರಕ ನಿಧಿ 2020ರ ತನ್ನ ಪಟ್ಟಿಯಲ್ಲಿ ಸೇರಿಸಿ ಜಗತ್ತಿನ ಗಮನವನ್ನು ಇತ್ತ ಸೆಳೆದಿದೆ. ಜಗತ್ತು ಗಮನಿಸಿದ್ದನ್ನು ನೆರೆಯ ಜಿಲ್ಲೆಯ ಶಾಲೆಯ ವಾಹನ ಗಮನಿಸದಿರುವುದು ಉಚಿತವೆನಿಸದು.

ಇಷ್ಟು ಹೇಳಿದ ಮಾತ್ರಕ್ಕೆ ಛಾಯಾಚಿತ್ರವೇ ದೋಷವೆಂದು ತಿಳಿಯಬೇಕಾಗಿಲ್ಲ. ಈ ನಗರದ ಕೀರ್ತಿ ಹೊರಲೋಕಕ್ಕೆ ಹಬ್ಬಲು ಕಾರಣವಾದವುಗಳಲ್ಲಿ ಛಾಯಾಚಿತ್ರಗಳೂ ಸೇರಿವೆ. ಕರ್ನಲ್ ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ಚಿತ್ರಗಳಿಗೆ ಮೆಡೋಸ್ ಟೇಲರ್ ಹಾಗೂ ಜೇಮ್ಸ್ ಫರ್ಗುಸನ್ ಅವರ ಬರಹಗಳನ್ನು ಕೂಡಿಸಿ ವಿಜಯಪುರದ ವಾಸ್ತುಶಿಲ್ಪವನ್ನು ಕುರಿತ ಬೃಹತ್ ಸಂಪುಟವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಭಾರವಾದ ಕ್ಯಾಮೆರಾವನ್ನು ಹೊತ್ತು ತಂದು, ಬೆಳಕಿಗಾಗಿ ಕಾದು, ಒಂದೊಂದು ಚಿತ್ರಕ್ಕೂ ಬಹಳ ಹೊತ್ತು ವ್ಯಯಿಸಬೇಕಾದ ಕಾಲ ಅದು. ಹಾಗೆ ಕಾದು ತೆಗೆದುದರಿಂದಲೇ ಒಂದೂವರೆ ಶತಮಾನದ ಹಿಂದೆ ಈ ಕಟ್ಟಡಗಳು ಯಾವ ಸ್ಥಿತಿಯಲ್ಲಿದ್ದವೆಂಬುದಕ್ಕೆ ಆ ಚಿತ್ರಗಳು ಇಂದು ಸಾಕ್ಷಿಯಾಗಿ ನಿಂತಿವೆ. ಅಷ್ಟು ದೂರ ಹೋಗುವುದೂ ಬೇಡ. ಆಗ್ಫಾ ಕ್ಲಿಕ್ ಕ್ಯಾಮೆರಾ ಹಿಡಿದು ಪ್ರವಾಸ ಹೊರಟ ಅಧ್ಯಾಪಕರನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ಇಂದಿಗೂ ಇದ್ದಾರೆ. ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ಹನ್ನೆರಡೇ ಇರುವಾಗ ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ತಾನಾಗಿಯೇ ಹುಟ್ಟುತ್ತಿತ್ತು, ವಿವೇಚಿಸಲು ನೋಡಲೇಬೇಕಾಗುತ್ತಿತ್ತು. ಇಂದು ಪ್ರತಿಯೊಬ್ಬರ ಮೊಬೈಲಿನಲ್ಲಿಯೂ ಲೆಕ್ಕವಿಲ್ಲದಷ್ಟು ಚಿತ್ರಗಳಿಗೆ ಎಡೆಯಿದೆ. ಎಡೆ ಹಿಗ್ಗಿದಂತೆ ನೋಟ ಕುಗ್ಗಿದೆ.

ಇದಕ್ಕೆ ಒಂದು ಆಕ್ಷೇಪವುಂಟು, ಅದು ಕಡೆಗಣಿಸತಕ್ಕದ್ದೂ ಅಲ್ಲ. ಹಳ್ಳಿಯ ಬಡ ಕುಟುಂಬದ ಎಷ್ಟೋ ಮಕ್ಕಳಿಗೆ ಶಾಲೆಯ ಪ್ರವಾಸವೇ ಊರಿನಾಚೆಯ ಮೊದಲ ಪಯಣ. ತಾಯಿತಂದೆಯರು ಕೂಲಿಯ ಹಣದಲ್ಲಿ ಉಳಿಸಿ ಕಳುಹಿಸಿರುತ್ತಾರೆ. ಅಂತಹವರಿಗೆ ಎರಡೇ ಸ್ಥಳ ತೋರಿಸಿ ಕರೆತರುವುದು ನ್ಯಾಯವೇ, ಆದಷ್ಟೂ ಹೆಚ್ಚು ತೋರಿಸುವುದಲ್ಲವೇ ಧರ್ಮ ಎಂದು ಅಧ್ಯಾಪಕರು ಕೇಳಬಹುದು. ಗೋಡೆಯ ಮೇಲೆ ಕಟ್ಟುಹಾಕಿಸಿ ತೂಗಿದ ಒಂದು ಗುಂಪುಚಿತ್ರ ಆ ಮನೆಗೆ ಎಷ್ಟು ದೊಡ್ಡ ಆಸ್ತಿ ಎಂಬುದನ್ನೂ ಅವರು ಬಲ್ಲರು. ಮಾತು ಒಪ್ಪತಕ್ಕದ್ದೇ. ಆದರೆ ಅಷ್ಟು ಕಷ್ಟದ ಹಣದಿಂದ ಬಂದ ಮಗುವಿಗೆ ದೊರೆಯಬೇಕಾದುದು ಎಂಟು ಹೆಸರುಗಳ ಪಟ್ಟಿಯೋ, ಬಾಳಿನುದ್ದಕ್ಕೂ ಉಳಿಯುವ ಒಂದು ನೋಟವೋ ಎಂಬುದೇ ಪ್ರಶ್ನೆ. ಓಡುತ್ತ ಕಂಡ ಎಂಟು ಸ್ಥಳಗಳು ಮರುವರ್ಷಕ್ಕೆ ಒಂದರೊಳಗೊಂದು ಕಲೆಸಿಹೋಗುತ್ತವೆ. ಕುಳಿತು ಕಂಡ ಒಂದು ಸ್ಥಳ ಹಾಗೆ ಕಲೆಸುವುದಿಲ್ಲ. ಹೆಚ್ಚು ಬಡಿಸಿದವನಿಗಿಂತ ಹಸಿವರಿತು ಬಡಿಸಿದವನೇ ನಿಜವಾದ ದಾಸೋಹಿ.

ಮಾಡಬೇಕಾದುದು ಕಠಿಣವೂ ಅಲ್ಲ, ದುಬಾರಿಯೂ ಅಲ್ಲ. ಪ್ರವಾಸಕ್ಕೆ ಮುನ್ನ ಗಣಿತದ ಅಧ್ಯಾಪಕರು ಚೌಕದೊಳಗೆ ವೃತ್ತವನ್ನು ಬರೆಯಿಸಿ ಗುಮ್ಮಟಕ್ಕೆ ಸಿದ್ಧಗೊಳಿಸಲಿ. ವಿಜ್ಞಾನದ ಅಧ್ಯಾಪಕರು ಧ್ವನಿಯ ಪಾಠವನ್ನು ಆ ವಾರಕ್ಕೆ ಇರಿಸಿಕೊಳ್ಳಲಿ. ಕನ್ನಡದ ಅಧ್ಯಾಪಕರು ತೊರವೆಯ ಕವಿಯನ್ನು ಪರಿಚಯಿಸಲಿ. ಸ್ಥಳವನ್ನು ತಲುಪಿದ ಮೊದಲ ಅರ್ಧ ಗಂಟೆ ಮೊಬೈಲುಗಳು ಅಧ್ಯಾಪಕರ ಚೀಲದಲ್ಲಿರಲಿ. ಬಳಿಕ ಪ್ರತಿ ಮಗುವೂ ಒಂದೇ ಚಿತ್ರ ತೆಗೆಯಲಿ, ಅದನ್ನೇ ಏಕೆ ತೆಗೆದೆನೆಂದು ನಾಲ್ಕು ವಾಕ್ಯ ಬರೆಯಲಿ. ಕ್ಯಾಮೆರಾ ಇಲ್ಲದ ಮಗು ಪೆನ್ಸಿಲಿನಿಂದ ಬರೆದ ರೇಖಾಚಿತ್ರಕ್ಕೂ ಅದೇ ಗೌರವ ಸಲ್ಲಲಿ. ಎಂಟು ಸ್ಥಳಗಳು ಮೂರಾಗಲಿ. ಮೂರರಲ್ಲಿ ಒಂದು ಬಾವಡಿಯಾಗಲಿ. ಶಾಲೆಗೆ ನೆರವಾಗುವ ದಾನಿಗಳು ಮತ್ತೊಂದು ಊರಿನ ಹೆಸರನ್ನು ಪಟ್ಟಿಗೆ ಸೇರಿಸುವುದಕ್ಕಿಂತ ಅದೇ ಊರಿನಲ್ಲಿ ಮತ್ತೊಂದು ರಾತ್ರಿಯ ವಸತಿಗೆ ನೆರವಾದರೆ ಅದು ಸಾರ್ಥಕವಾದ ದಾನ.

ಫಲ ಕಾಣುವುದು ಮಕ್ಕಳು ಊರಿಗೆ ಮರಳಿದ ಮೇಲೆ. 1876-78ರ ಭೀಕರ ಕ್ಷಾಮದಲ್ಲಿ ನರಳಿದ, ಅದರ ಬಳಿಕವೂ ಎಷ್ಟೋ ಬರಗಳನ್ನು ಕಂಡ ಸೀಮೆ ಇದು. ಇಲ್ಲಿನ ಅನೇಕ ಹಳ್ಳಿಗಳಲ್ಲಿ ಹಿರಿಯರು ತೋಡಿಸಿದ ಮೆಟ್ಟಿಲುಬಾವಿಗಳಿದ್ದವು. ಕೊಳವೆಬಾವಿ ಬಂದ ಮೇಲೆ ಅವುಗಳಲ್ಲಿ ಎಷ್ಟೋ ಕಸದ ಗುಂಡಿಗಳಾದವು, ಕೆಲವು ಮುಚ್ಚಿಯೇ ಹೋದವು. ತಾಜ್ ಬಾವಡಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತು ಬಂದ ಮಗು ತನ್ನ ಊರಿನ ಬಾವಿಯ ಮುಂದೆ ಒಂದು ದಿನ ನಿಲ್ಲುತ್ತದೆ. ಇದನ್ನು ಕಟ್ಟಿಸಿದವರು ಯಾರು, ಕೆಡಿಸಿದವರು ಯಾರು ಎಂದು ಮನೆಯ ಹಿರಿಯರನ್ನು ಕೇಳುತ್ತದೆ. ಆ ಪ್ರಶ್ನೆಗೆ ಹಿರಿಯರ ಬಳಿ ಸುಲಭವಾದ ಉತ್ತರವಿಲ್ಲ. ಆದರೂ ಅದನ್ನು ಕೇಳುವ ಮಗುವನ್ನು ಬೆಳೆಸುವುದಕ್ಕಾಗಿಯೇ ಶಾಲೆಗಳಿರುವುದು.

ಗುಂಪುಚಿತ್ರ ಬೇಡವೆಂದಲ್ಲ; ಅದೂ ಇರಲಿ. ಅದರ ಪಕ್ಕದಲ್ಲಿ ಇನ್ನೊಂದು ಚಿತ್ರವೂ ಸಂಚಿಕೆಯಲ್ಲಿ ಅಚ್ಚಾಗಲಿ. ಅದರಲ್ಲಿ ಯಾರ ಮುಖವೂ ಕಾಣದಿದ್ದರೆ ಚಿಂತೆಯಿಲ್ಲ. ಮಕ್ಕಳ ಬೆನ್ನು ಓದುಗರ ಕಡೆಗಿರಲಿ, ಕಣ್ಣು ಕಮಾನಿನ ಕಡೆಗಿರಲಿ.