ಚಿನ್ನದ ಮೀನು: ಅದೃಷ್ಟಕ್ಕಿಂತ ಮೊದಲು ನೀರಿನ ಲೆಕ್ಕ

ಮುಂಬಯಿ ಮತ್ತು ಉಪನಗರಗಳ ತುಳು-ಕನ್ನಡಿಗರ ಮನೆಗಳಲ್ಲಿ, ಹೊಟೇಲುಗಳ ಗಲ್ಲಾದ ಪಕ್ಕದಲ್ಲಿ ಗಾಜಿನ ಮೀನಿನ ತೊಟ್ಟಿ ಇಂದು ಅಪರೂಪದ ವಸ್ತುವಲ್ಲ. ನಾಯಿ ಸಾಕಲು ಸೊಸೈಟಿಯವರ ತಕರಾರು, ಬೆಕ್ಕು ಸಾಕಲು ನೆರೆಮನೆಯವರ ತಕರಾರು. ಆದರೆ ಬೊಗಳದ, ಮೆಟ್ಟಿಲು ಗಲೀಜು ಮಾಡದ ಮೀನಿಗೆ ಯಾರ ಆಕ್ಷೇಪವೂ ಇಲ್ಲ. ದಿನವಿಡೀ ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲಿ ಬಳಲಿ ಬಂದವರು ಹತ್ತು ನಿಮಿಷ ತೊಟ್ಟಿಯ ಮುಂದೆ ಕುಳಿತರೆ ಮನಸ್ಸು ಹಗುರವಾಗುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಈ ತೊಟ್ಟಿಗಳಲ್ಲಿ ಅತಿ ಹೆಚ್ಚು ಬೇಡಿಕೆ ಇರುವ ಗೋಲ್ಡ್ ಫಿಶ್, ಅಂದರೆ ಚಿನ್ನದ ಮೀನು, ಎಷ್ಟು ದಿನ ಬದುಕುತ್ತದೆ ಎಂದು ಕೇಳಿದರೆ ಬರುವ ಉತ್ತರ ಬೇಸರ ತರಿಸುತ್ತದೆ. ಒಂದು ತಿಂಗಳು, ಎರಡು ತಿಂಗಳು, ಹೆಚ್ಚೆಂದರೆ ಆರು ತಿಂಗಳು. ಸರಿಯಾಗಿ ಸಾಕಿದರೆ ಇದು ಹತ್ತು-ಹದಿನೈದು ವರ್ಷ ಬದುಕುವ ಜೀವಿ. ಇಂಗ್ಲೆಂಡಿನ ಒಂದು ಮನೆಯಲ್ಲಿ ‘ಟಿಶ್’ ಎಂಬ ಸಾಧಾರಣ ಜಾತಿಯ ಚಿನ್ನದ ಮೀನು 1956ರಿಂದ 1999ರ ತನಕ, 43 ವರ್ಷ ಬದುಕಿ ದಾಖಲೆ ಪುಸ್ತಕ ಸೇರಿದೆ. ಹಾಗಾದರೆ ಇಲ್ಲಿ ಅದು ಎರಡು ತಿಂಗಳಿಗೇ ಸಾಯುವುದೇಕೆ?

ಈ ಪ್ರಶ್ನೆಯನ್ನು ಯಾರೂ ಕೇಳದಂತೆ ಮಾಡಿರುವುದು ಒಂದು ನಂಬಿಕೆ. ಫೆಂಗ್ ಶೂಯಿ ಹೆಸರಿನಲ್ಲಿ ಎಂಟು ಕೆಂಪು ಮತ್ತು ಒಂದು ಕಪ್ಪು ಮೀನು ಇಟ್ಟರೆ ಮನೆಗೆ ಲಕ್ಷ್ಮಿ ಬರುತ್ತಾಳೆ ಎಂಬ ಪ್ರಚಾರ ಎಲ್ಲೆಡೆ ಹಬ್ಬಿದೆ. ಮೀನು ಸತ್ತರೂ ಚಿಂತೆಯಿಲ್ಲ, ಮನೆಯವರ ಮೇಲೆ ಬರಲಿದ್ದ ಗಂಡಾಂತರವನ್ನು ಅದು ಹೊತ್ತುಕೊಂಡು ಹೋಯಿತು ಎಂಬ ಸಮಾಧಾನ ಬೇರೆ. ಸತ್ತದ್ದನ್ನು ಎಸೆದು ಇನ್ನೊಂದು ತಂದರಾಯಿತು. ಮೀನು ಸತ್ತದ್ದು ಗಂಡಾಂತರ ಹೊತ್ತು ಅಲ್ಲ, ತನ್ನದೇ ಹೊಲಸಿನಲ್ಲಿ ಉಸಿರುಗಟ್ಟಿ ಎಂದು ಹೇಳುವವರು ಯಾರು?

ಲೆಕ್ಕ ಹಾಕಿ ನೋಡುವುದು ಕಷ್ಟವೇನಲ್ಲ. ಬಾಲ ಕವಲೊಡೆದ, ಹೊಟ್ಟೆ ಉಬ್ಬಿದ ಫ್ಯಾನ್ಸಿ ಜಾತಿಯ ಒಂದು ಮೀನಿಗೆ ಕನಿಷ್ಠ 75 ಲೀಟರ್, ಆಮೇಲಿನ ಪ್ರತಿಯೊಂದಕ್ಕೆ ಸುಮಾರು 40 ಲೀಟರ್ ನೀರು ಬೇಕೆಂಬುದು ಅನುಭವಿ ಸಾಕಣೆಗಾರರು ಸಾಮಾನ್ಯವಾಗಿ ಪಾಲಿಸುವ ಅಳತೆ. ಒಂಬತ್ತು ಮೀನಿಗೆ ಸುಮಾರು 400 ಲೀಟರ್ ಆಯಿತು. ಅಂದರೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ. ನೀರಿನ ಭಾರವೇ 400 ಕಿಲೋ. ಮೂರು ಅಡಿ ಉದ್ದ, ಒಂದೊಂದು ಅಡಿ ಅಗಲ-ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು 85 ಲೀಟರ್ ಮಾತ್ರ. ಅದರಲ್ಲಿ ಒಂದು ಮೀನು ಸುಖವಾಗಿರುತ್ತದೆ, ಎರಡಾದರೆ ತಪ್ಪದೆ ನೀರು ಬದಲಿಸುತ್ತಾ ಹೇಗೋ ಸುಧಾರಿಸಬಹುದು. ಮೇಜಿನ ಮೇಲಿಡುವ ದುಂಡು ಬೋಗುಣಿಯ ಮಾತು ಎತ್ತದಿರುವುದೇ ಮೇಲು. ಇಟಲಿಯ ಮೊಂಜಾ ನಗರ 2004ರಲ್ಲಿ, ರೋಮ್ ನಗರ 2005ರಲ್ಲಿ ಅಂತಹ ಬೋಗುಣಿಯಲ್ಲಿ ಚಿನ್ನದ ಮೀನು ಇಡುವುದನ್ನೇ ನಿಷೇಧಿಸಿದವು.

ಇಷ್ಟು ನೀರು ಏಕೆಂದರೆ ಇದು ರೋಹು, ಕಾಟ್ಲಾಗಳ ದಾಯಾದಿ, ಗೆಂಡೆ ಮೀನಿನ ಕುಲದ್ದು. ಸುಮಾರು ಸಾವಿರ ವರ್ಷಗಳ ಹಿಂದೆ ಚೀನಾದವರು ಕೊಳದ ಸಾದಾ ಬಣ್ಣದ ಮೀನಿನಿಂದ ಕೆಂಪು-ಹಳದಿಯವನ್ನು ಆರಿಸಿ ಬೆಳೆಸಿದರು. ತಲೆಯ ಮೇಲೆ ಟೋಪಿಯಂತಹ ಒರಾಂಡಾ, ಉಬ್ಬುಕಣ್ಣಿನ ಬ್ಲ್ಯಾಕ್ ಮೂರ್, ಮುತ್ತು ಪೋಣಿಸಿದಂತಹ ಪರ್ಲ್ ಸ್ಕೇಲ್ ಎಲ್ಲವೂ ಅದರ ಸಂತತಿ. ಅಂಗಡಿಯಲ್ಲಿ ಎರಡು ಇಂಚು ಇರುವ ಒರಾಂಡಾ ಬೆಳೆದರೆ ಆರು ಇಂಚು ದಾಟುತ್ತದೆ. ಕುಲ ದೊಡ್ಡದು, ಹೊಟ್ಟೆಬಾಕತನವೂ ದೊಡ್ಡದು, ಹೊಲಸೂ ಹೆಚ್ಚು.

ಮೀನು ತನ್ನ ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತದೆ. ಅದು ವಿಷ. ತೊಟ್ಟಿಯ ಕಲ್ಲು ಮತ್ತು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ನಂತರ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಬೆಳಿಗ್ಗೆ ತೊಟ್ಟಿ ತಂದು, ಸಂಜೆ ಒಂಬತ್ತು ಮೀನು ಬಿಟ್ಟರೆ ಗತಿ ಏನು? ನೀರು ಮಸುಕಾದಾಗ ಎಲ್ಲವನ್ನೂ ಹೊರತೆಗೆದು ನಳ್ಳಿಯ ಕೆಳಗೆ ಸ್ಪಂಜು ತಿಕ್ಕಿ ತೊಳೆದರೆ ಇದ್ದ ಬ್ಯಾಕ್ಟೀರಿಯಾಗಳೂ ಕ್ಲೋರಿನ್ನಿಗೆ ಬಲಿ. ಸ್ವಚ್ಛತೆಯ ಹೆಸರಿನಲ್ಲಿ ಮೀನು ಸಾಯುವುದು ಹೀಗೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರು ಮಾತ್ರ ಬದಲಿಸಬೇಕು. 85 ಲೀಟರಿನ ತೊಟ್ಟಿಗೆ ಅದು ಎರಡು ಬಾಲ್ದಿ ಅಷ್ಟೆ. ನಳ್ಳಿ ನೀರಿಗೆ ಕ್ಲೋರಿನ್ ತೆಗೆಯುವ ಔಷಧಿಯನ್ನು ಹೇಳಿದ ಪ್ರಮಾಣದಲ್ಲಿ ಹಾಕಿ ಬಳಸಬೇಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು. ದಿನಕ್ಕೆರಡು ಹಗುರವಾದ ಊಟ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ಬಂದ ನೆಂಟರೆಲ್ಲ ಪ್ರೀತಿಯಿಂದ ಒಂದೊಂದು ಚಿಟಿಕೆ ಹಾಕಿದರೆ, ಜಠರವೇ ಇಲ್ಲದ ಈ ಮೀನಿಗೆ ಅದೇ ಮುಳುವಾಗುತ್ತದೆ. ಗುಂಡಗಿನ ದೇಹದ ಜಾತಿಗಳು ಅಜೀರ್ಣವಾಗಿ ತಲೆಕೆಳಗಾಗಿ ತೇಲುವುದುಂಟು. ಇದು ತಂಪು ನೀರಿನ ಮೀನು. ಮುಂಬಯಿಯ ಸೆಕೆಯಲ್ಲಿ ಹೀಟರ್ ಅನಗತ್ಯ ಖರ್ಚು. ಬೇಸಗೆಯಲ್ಲಿ ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವುದರಿಂದ ಗಾಳಿಯ ಪಂಪು ಮಾತ್ರ ಬೇಕೇ ಬೇಕು. ತೆಗೆದ ನೀರೂ ವ್ಯರ್ಥವಲ್ಲ. ಬಾಲ್ಕನಿಯ ಬೇವಿನಸೊಪ್ಪಿನ ಗಿಡಕ್ಕೆ ಅದು ಒಳ್ಳೆಯ ಗೊಬ್ಬರ.

ಬಂಗುಡೆ ಪುಳಿಮುಂಚಿ ಚಪ್ಪರಿಸುವವರಿಗೆ ಎರಡಿಂಚು ಮೀನಿನ ಮೇಲೆ ಇಷ್ಟೇಕೆ ಕನಿಕರ ಎಂದು ಕೆಲವರು ನಗಬಹುದು. ಪ್ರಶ್ನೆ ನ್ಯಾಯವೇ. ಆದರೆ ಊರಿನ ಹಿರಿಯರು ಇದಕ್ಕೆ ಎಂದೋ ಉತ್ತರ ಕೊಟ್ಟಿದ್ದಾರೆ. ಶಿಶಿಲದ ಕಪಿಲಾ ನದಿಯಲ್ಲಿ, ಶೃಂಗೇರಿಯ ತುಂಗೆಯಲ್ಲಿ ಇರುವುದು ದೇವರ ಮೀನು. ಮನೆಯಲ್ಲಿ ದಿನವೂ ಮೀನು ಬೇಯಿಸುವವರೂ ಅಲ್ಲಿ ಗಾಳ ಹಾಕುವುದಿಲ್ಲ. ಆಹಾರದ ಮೀನು ಬೇರೆ, ಆಶ್ರಯದ ಮೀನು ಬೇರೆ ಎಂಬ ವಿವೇಕ ಅದು. ದುಡ್ಡು ಕೊಟ್ಟು ತಂದು ಮನೆಯ ಸೂರಿನಡಿ ಇಟ್ಟ ಮೇಲೆ ಅದು ಆಶ್ರಿತ. ಆಶ್ರಿತನನ್ನು ವಾರಗಟ್ಟಲೆ ವಿಷದ ನೀರಿನಲ್ಲಿಟ್ಟು, ಅವನ ಸಾವಿನಲ್ಲಿ ತನ್ನ ಅದೃಷ್ಟ ಹುಡುಕುವುದು ಯಾವ ಧರ್ಮ?

ಇದರಲ್ಲಿ ಹೆಚ್ಚು ನಷ್ಟ ಮಕ್ಕಳಿಗೆ. ಊಟ ಹಾಕುವವರನ್ನು ಗುರುತಿಸಿ ಗಾಜಿನ ಬಳಿ ಓಡಿಬರುವ ಮೀನನ್ನು ಮಗು ಹೆಸರಿಟ್ಟು ಕರೆಯುತ್ತದೆ. ಅದು ಸತ್ತಾಗ ‘ಅಳಬೇಡ ಮಗಾ, ನಾಳೆ ಇನ್ನೊಂದು ತರುವಾ’ ಎಂದು ಹಿರಿಯರು ಸಮಾಧಾನ ಮಾಡಿದರೆ, ಜೀವಕ್ಕೆ ಬದಲಿ ಅಂಗಡಿಯಲ್ಲಿ ಸಿಗುತ್ತದೆ ಎಂಬ ಪಾಠವೇ ಅದರ ಮನಸ್ಸಿನಲ್ಲಿ ಉಳಿಯುತ್ತದೆ. ಅದೇ ಮಗುವಿನ ಕೈಗೆ ಪ್ರತಿ ಆದಿತ್ಯವಾರ ಚೊಂಬು ಕೊಟ್ಟು ನೀರು ಬದಲಿಸಲು ಹೇಳಿದರೆ, ಜವಾಬ್ದಾರಿ ಎಂದರೇನೆಂದು ಬೇರೆ ಪಾಠ ಬೇಡ.

ಆದುದರಿಂದ ಹುಟ್ಟುಹಬ್ಬಕ್ಕೆ ಬೋಗುಣಿ ಸಮೇತ ಮೀನು ಉಡುಗೊರೆ ಕೊಡುವ ಪದ್ಧತಿ ನಿಲ್ಲಬೇಕು. ಜಾಗವಿಲ್ಲದ ಮನೆಯವರು 40 ಲೀಟರಿನ ತೊಟ್ಟಿಯಲ್ಲಿ ನಾಲ್ಕಾರು ಗಪ್ಪಿ ಮೀನು ಸಾಕಿದರೆ ಅಂದಕ್ಕೇನೂ ಕೊರತೆಯಾಗದು. ಸಾಕಲಾಗದಿದ್ದರೆ ಬೇರೆ ಸಾಕಣೆಗಾರರಿಗೆ ಒಪ್ಪಿಸಬೇಕು. ಕೆರೆಗೋ ಬಾವಿಗೋ ಬಿಡುವುದು ಪುಣ್ಯವಲ್ಲ, ಅಲ್ಲಿನ ಮೀನುಗಳಿಗೆ ಕಂಟಕ. ಕುರ್ಲಾ, ಕ್ರಾಫರ್ಡ್ ಮಾರ್ಕೆಟ್‌ನ ಅಂಗಡಿಗಳಲ್ಲಿ ಬಣ್ಣಕ್ಕೆ ಮರುಳಾಗುವ ಮೊದಲು ಗಿರಾಕಿ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹತ್ತು ವರ್ಷ, ವಾರಕ್ಕೆ ಎರಡು ಬಾಲ್ದಿ ನೀರು ಹೊರಲು ಮನೆಯಲ್ಲಿ ಯಾರು ತಯಾರಿದ್ದಾರೆ? ಉತ್ತರ ಸಿಕ್ಕಿದರೆ ಒಂದು ಮೀನು ಸಾಕು, ಒಂಬತ್ತು ಬೇಡ.