ಕೂಸಿನ ಮೈಮೇಲಿನ ಗುರುತುಗಳು



ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಕೂಸಿಗೆ ನೀರು ಹಾಕುವ ಹೊತ್ತಿಗೆ ಓಣಿಯವರೆಲ್ಲ ಒಂದೊಂದು ಮಾತು ಆಡುತ್ತಾರೆ. "ಬೆನ್ನ ಮ್ಯಾಲ ನೀಲಿಗಟ್ಟೈತಿ, ಗಾಳಿ ಸೋಕೇತಿ" ಎಂದು ಒಬ್ಬರು, "ದೃಷ್ಟಿ ಆಗೇತಿ" ಎಂದು ಇನ್ನೊಬ್ಬರು. ಈ ಮಾತಿಗೆ ಹೆದರಿ ಬರೆ ಹಾಕಿಸುವವರು ಇನ್ನೂ ಇದ್ದಾರೆ. ಎಳೆ ಮೈಗೆ ಬರೆ ಬಿದ್ದರೆ ಕೀವಾಗಿ, ನಂಜೇರಿ ಜೀವಕ್ಕೇ ಕುತ್ತು. ಯಾವುದು ತಾನಾಗಿ ಹೋಗುತ್ತದೆ, ಯಾವುದಕ್ಕೆ ದವಾಖಾನೆಗೆ ಓಡಬೇಕು ಎಂಬುದು ತಿಳಿದಿದ್ದರೆ ಬರೆಯ ಮಾತೇ ಬರುವುದಿಲ್ಲ.

ತಾವಾಗಿ ಹೋಗುವಂಥವು

ಸೊಂಟದ ಕೆಳಗೆ ನೀಲಿ ಮಚ್ಚೆ ನಮ್ಮ ಎಷ್ಟೋ ಕೂಸುಗಳಿಗೆ ಹುಟ್ಟಿನಿಂದಲೇ ಇರುತ್ತದೆ. ಅದು ಏಟೂ ಅಲ್ಲ, ಗಾಳಿಯೂ ಅಲ್ಲ. ಶಾಲೆಗೆ ಹೋಗುವ ವಯಸ್ಸಿಗೆ ಸಾಮಾನ್ಯವಾಗಿ ಮಾಸುತ್ತದೆ. ಮೂಗಿನ ಮೇಲಿನ ಸಣ್ಣ ಬಿಳಿ ಕಾಳುಗಳನ್ನು ಹಿಸುಕಬೇಡಿ. ಎರಡು ಮೂರನೆಯ ದಿನ ಮುಖ, ಎದೆಯ ಮೇಲೆ ಕೆಂಪು ದದ್ದು ಎದ್ದರೂ, ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ಬೇಸಿಗೆಯ ಬೆವರುಸಾಲೆಗೆ ತೆಳ್ಳನೆಯ ಹತ್ತಿ ಬಟ್ಟೆ, ಒಂದಿಷ್ಟು ಗಾಳಿ ಸಾಕು. ಕುಲಾಯಿ, ದುಪ್ಪಟಿ ಸುತ್ತಿ ಕೂಸನ್ನು ಬೇಯಿಸಬೇಡಿ.

ತಡ ಮಾಡಬಾರದಂಥವು

ಕಾಮಣಿಯನ್ನು ಹಗಲು ಬೆಳಕಿನಲ್ಲೇ ನೋಡಬೇಕು. ಹಣೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ, ಹಳದಿ ಇದ್ದರೆ ಕಾಣುತ್ತದೆ. ಎರಡು ಮೂರನೆಯ ದಿನದ ತುಸು ಹಳದಿ ಬಹಳ ಕೂಸುಗಳಿಗೆ ಬಂದು ಹೋಗುತ್ತದೆ. ಆದರೆ ಹುಟ್ಟಿದ 24 ಗಂಟೆಯೊಳಗೇ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಕೂಸು ಮಂಕಾಗಿ ಮೊಲೆ ಬಿಟ್ಟರೆ ಆಗಿಂದಾಗಲೇ ಹೊರಡಿ. ಹಳದಿ ಮಿತಿಮೀರಿದರೆ ಮಿದುಳಿಗೆ ಪೆಟ್ಟು. ಇದಕ್ಕೆ ದವಾಖಾನೆಯಲ್ಲಿ ನೀಲಿ ದೀಪದ ಚಿಕಿತ್ಸೆ ಇದೆ. ಬಿಸಿಲು ಕಾಯಿಸುವುದು ಅದಕ್ಕೆ ಬದಲಲ್ಲ. 14 ದಿನ ದಾಟಿದರೂ ಹಳದಿ ಉಳಿದು, ಮಲ ಸುಣ್ಣದಂತೆ ಬೆಳ್ಳಗಿದ್ದರೆ ಪಿತ್ತನಾಳ ಕಟ್ಟಿರಬಹುದು. ಅದರ ಆಪರೇಷನ್ 60 ದಿನದೊಳಗೆ ಆದರೆ ಒಳ್ಳೆಯದು. ಹೊಕ್ಕಳ ಸುತ್ತ ಕೆಂಪು, ಮೈಮೇಲೆ ಕೀವುಗುಳ್ಳೆ, ಜ್ವರ, ಮೈ ತಣ್ಣಗಾಗುವುದು, ಇವಕ್ಕೂ ಮನೆಮದ್ದು ಬೇಡ.

ತಾಯಿಯ ತಪ್ಪಲ್ಲ

ಕೂಸಿನ ತುಟಿ ಸೀಳಿದ್ದರೆ "ಗ್ರಹಣದಾಗ ಹೊರಗ ಬಂದಿದ್ಳು" ಎಂದು ಬಾಣಂತಿಯನ್ನೇ ಅನ್ನುತ್ತಾರೆ. ಗ್ರಹಣಕ್ಕೂ ತುಟಿಗೂ ಸಂಬಂಧವಿಲ್ಲ. ಬಸಿರಿನ ಮೊದಲ ತಿಂಗಳುಗಳಲ್ಲಿ ಮುಖ ಸರಿಯಾಗಿ ಕೂಡಿಕೊಳ್ಳದೆ ಹಾಗಾಗುತ್ತದೆ. ಕೂಸಿಗೆ ಮೂರು ತಿಂಗಳು ತುಂಬಿ, ತೂಕ ಬಂದ ಮೇಲೆ ತುಟಿ ಹೊಲಿಯುತ್ತಾರೆ. ಪಾದ ಒಳಕ್ಕೆ ತಿರುಗಿದ್ದರೆ ಮೊದಲ ವಾರಗಳಲ್ಲೇ ಪ್ಲಾಸ್ಟರ್ ಶುರು ಮಾಡಿಸಿ.

ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ರೂಢಿ. ಥಲಸ್ಸೀಮಿಯಾದಂಥ ರಕ್ತದ ರೋಗ ಕೂಸಿಗೆ ಬರಬೇಕಾದರೆ ಗಂಡ, ಹೆಂಡತಿ ಇಬ್ಬರಲ್ಲೂ ಅದರ ಅಂಶ ಅಡಗಿರಬೇಕು. ರಕ್ತಸಂಬಂಧದಲ್ಲಿ ಆ ಸಂಭವ ಹೆಚ್ಚು. ಹಾಗಿದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಆರು ತಿಂಗಳ ಆಚೀಚೆ ಕೂಸು ಬಿಳಿಚಿಕೊಂಡು, ಬೆಳವಣಿಗೆ ನಿಂತರೆ ರಕ್ತ ತೋರಿಸಿ. ಸೊಸೆಯೊಬ್ಬಳನ್ನೇ ದೂರುವುದು ನ್ಯಾಯವಲ್ಲ.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು. ಬಂದಾಗ ಕೂಸಿನ ಬಟ್ಟೆ ಬಿಚ್ಚಿ, ಮೈಯೆಲ್ಲ ತೋರಿಸಿರಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ತಿರುಗಿದ ಪಾದ, ಹುಟ್ಟಿನ ಹೃದಯದ ತೊಂದರೆಗಳಿಗೆ ಪುಕ್ಕಟೆ ಚಿಕಿತ್ಸೆ ಉಂಟು. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ರಾಯಚೂರಿನ ರಿಮ್ಸ್‌ಗೆ ಚೀಟಿ ಬರೆಸಿಕೊಳ್ಳಿ. ದೃಷ್ಟಿ ತೆಗೆಯುವುದಿದ್ದರೆ ತೆಗೆಯಿರಿ, ಆದರೆ ಬರೆ ಮಾತ್ರ ಬೇಡ.